ಚೀಲ ಎಲ್ಲಾ ವಾಪಸ್ಸೋ, ಒದ್ದೆಯಾದದ್ದು ಮಾತ್ರವೋ? ಇಂಗ್ಲಿಷ್ ವಾಕ್ಯದ ‘ವಿಚ್’, ‘ಹೂ’ ಮತ್ತು ಕಾಮಾ ಓದುವ ಬಗೆ

ನೀವು 40 ಚೀಲ ಸಕ್ಕರೆ ತರಿಸಿದಿರಿ ಅಂದುಕೊಳ್ಳಿ. ದಾರಿಯಲ್ಲಿ ಮಳೆ, ಲಾರಿಯ ಟಾರ್ಪಾಲು ಹರಿದಿತ್ತು, 6 ಚೀಲ ಒದ್ದೆಯಾಯಿತು. ಆ 6 ಚೀಲ ವಾಪಸ್ ಕಳಿಸೋಣ ಅಂತ ಹೋಲ್‌ಸೇಲ್‌ನವರಿಗೆ ಒಂದು ಇಮೇಲ್ ಹಾಕಿಸುತ್ತೀರಿ. ಅಂಗಡಿಯಲ್ಲಿ ಕೂತ ಹುಡುಗ ಡಿಗ್ರಿ ಓದಿದವನು, ನೀಟಾಗಿ ಹೀಗೆ ಬರೆಯುತ್ತಾನೆ: “ದಿ ಬ್ಯಾಗ್ಸ್, ವಿಚ್ ವರ್ ವೆಟ್, ಆರ್ ಬೀಯಿಂಗ್ ರಿಟರ್ನ್ಡ್.”

ಸ್ಪೆಲಿಂಗ್ ಸರಿ ಇದೆ, ಗ್ರಾಮರ್ ಕೂಡ ಸರಿ ಇದೆ. ಆದರೆ ‘ವಿಚ್’ ಮೊದಲು ಒಂದು, ‘ವೆಟ್’ ಆದಮೇಲೆ ಒಂದು, ಹೀಗೆ ಎರಡು ಕಾಮಾ ಬಿದ್ದಿವೆಯಲ್ಲ, ಅದರಿಂದ ಆ ವಾಕ್ಯ ಹೇಳೋದೇ ಬೇರೆ. ಚೀಲಗಳು ಅಷ್ಟೂ ಒದ್ದೆಯಾಗಿದ್ದವು, ಅಷ್ಟನ್ನೂ ವಾಪಸ್ ಕಳಿಸುತ್ತಿದ್ದೇವೆ ಅಂತ ಅದರ ಅರ್ಥ. ಅಲ್ಲಿಗೆ ಹೋಗಿ ಇಳಿದದ್ದು 6 ಚೀಲ. ಉಳಿದ 34 ಎಲ್ಲಿ ಅಂತ ಅವರು ಕೇಳಿದರೆ ತಪ್ಪು ಅವರದಲ್ಲ. ಅದೇ ವಾಕ್ಯದಿಂದ ಎರಡೂ ಕಾಮಾ ತೆಗೆದುಬಿಡಿ: “ದಿ ಬ್ಯಾಗ್ಸ್ ವಿಚ್ ವರ್ ವೆಟ್ ಆರ್ ಬೀಯಿಂಗ್ ರಿಟರ್ನ್ಡ್.” ಈಗ ಒದ್ದೆಯಾದ ಚೀಲಗಳು ಮಾತ್ರ ವಾಪಸ್. ನೀವು ಹೇಳಬೇಕೆಂದಿದ್ದು ಇದೇ.

ಬಾಡಿಗೆ ಕರಾರು, ಬ್ಯಾಂಕಿನ ಸಾಲದ ಪತ್ರ, ವಿಮೆ ಪಾಲಿಸಿ, ಟೆಂಡರ್ ಷರತ್ತು, ತೆರಿಗೆ ನೋಟಿಸು, ಇವೆಲ್ಲ ನಮ್ಮ ಕೈಗೆ ಬಹುಪಾಲು ಇಂಗ್ಲಿಷಿನಲ್ಲೇ ಬರುತ್ತವೆ. ಪದದ ಅರ್ಥ ಗೊತ್ತಿಲ್ಲದಿದ್ದರೆ ಮೊಬೈಲಿನಲ್ಲಿ ನೋಡಿಕೊಳ್ಳಬಹುದು. ಆದರೆ ‘ವಿಚ್’ ಯಾವುದಕ್ಕೆ ಅಂಟಿಕೊಂಡಿದೆ, ಕಾಮಾ ಎಲ್ಲಿದೆ ಅನ್ನೋದನ್ನ ಡಿಕ್ಷನರಿ ಹೇಳಲ್ಲ. ಅದಕ್ಕೇ ಈ ಬರಹ.

ಕನ್ನಡದವರಿಗೆ ಎಲ್ಲಿ ತೊಡಕು

ಇಂಗ್ಲಿಷಿನಲ್ಲಿ ರಿಲೇಟಿವ್ ಕ್ಲಾಜ್ ಅಂತಾರಲ್ಲ, ಅಂದರೆ ಒಂದು ವಸ್ತುವನ್ನೋ ವ್ಯಕ್ತಿಯನ್ನೋ ವಿವರಿಸುವ ಉಪವಾಕ್ಯ, ಅದು ನಮ್ಮಲ್ಲೂ ಇದೆ. ಶಾಲೆಯಲ್ಲಿ ‘ಮಾಡಿದ, ಮಾಡುವ, ಮಾಡದ’ ಅಂತ ಕೃದಂತ ಕಲಿತದ್ದು ನೆನಪಿರಬಹುದು. ‘ನಿನ್ನೆ ಬಂದ ಲಾರಿ’, ‘ಸಾಲ ಕೊಡುವ ಬ್ಯಾಂಕು’, ‘ಮಾರಾಟವಾಗದ ಬಟ್ಟೆ’. ವಿವರ ಮೊದಲು, ವಸ್ತು ಆಮೇಲೆ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ವಸ್ತು ಮೊದಲು ಬರುತ್ತೆ, ಆಮೇಲೆ ‘ಹೂ’, ‘ವಿಚ್’, ‘ದಟ್’, ‘ವೇರ್’, ‘ಹೂಸ್’ ಇವುಗಳಲ್ಲಿ ಒಂದು, ಅದರ ಹಿಂದೆ ವಿವರ. ‘ದಿ ಲಾರಿ ದಟ್ ಕೇಮ್ ಯೆಸ್ಟರ್‌ಡೇ’. ವಾಕ್ಯ ಉದ್ದವಾದಾಗ ನಾವು ದಾರಿ ತಪ್ಪುವುದು ಈ ತಿರುವಿನಲ್ಲೇ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ‘ಮೈಸೂರಿನಲ್ಲಿರುವ ನನ್ನ ತಂಗಿ’ ಅಂದಾಗ ನಿಮಗೆ ತಂಗಿ ಒಬ್ಬಳೇನಾ, ಇಬ್ಬರು ಮೂವರಿದ್ದು ಅವರಲ್ಲಿ ಮೈಸೂರಿನವಳು ಅಂತಲಾ? ಕನ್ನಡ ವಾಕ್ಯ ಅದನ್ನು ಹೇಳಲ್ಲ. ಕೇಳುವವರಿಗೆ ನಿಮ್ಮ ಮನೆ ಗೊತ್ತಿದ್ದರೆ ಗೊತ್ತಾಗುತ್ತೆ, ಇಲ್ಲದಿದ್ದರೆ ಇಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ಹಾಗೆ ಬಿಡುವಂತಿಲ್ಲ, ಕಾಮಾ ಹಾಕಬೇಕೋ ಬೇಡವೋ ಅಂತ ತೀರ್ಮಾನಿಸಲೇಬೇಕು. “ಮೈ ಸಿಸ್ಟರ್ ಹೂ ಲಿವ್ಸ್ ಇನ್ ಮೈಸೂರು” ಅಂತ ಕಾಮಾ ಇಲ್ಲದೆ ಬರೆದರೆ ತಂಗಿಯರು ಹಲವರು, ಅವರಲ್ಲಿ ಇವಳು. “ಮೈ ಸಿಸ್ಟರ್, ಹೂ ಲಿವ್ಸ್ ಇನ್ ಮೈಸೂರು,” ಅಂತ ಎರಡು ಕಾಮಾ ನಡುವೆ ಇಟ್ಟರೆ ತಂಗಿ ಒಬ್ಬಳೇ, ಮೈಸೂರಿನ ಮಾತು ಸುಮ್ಮನೆ ಹೆಚ್ಚುವರಿ ಮಾಹಿತಿ. ಮದುವೆ ಕಾಗದದಲ್ಲಿ ಇದರಿಂದ ಏನೂ ಆಗಲ್ಲ. ಆಸ್ತಿ ಪತ್ರದಲ್ಲಿ, ನಾಮಿನಿ ವಿಷಯದಲ್ಲಿ ಆಗುತ್ತೆ.

ಒಟ್ಟಿನಲ್ಲಿ ಇಷ್ಟು: ಕಾಮಾ ಇಲ್ಲದ ವಿವರ ಗುಂಪಿನಿಂದ ಆರಿಸುತ್ತದೆ, ಕಾಮಾ ನಡುವಿನ ವಿವರ ಸುಮ್ಮನೆ ಪಕ್ಕದಲ್ಲಿ ನಿಂತು ಇನ್ನೊಂದು ಮಾತು ಸೇರಿಸುತ್ತದೆ. ಪರೀಕ್ಷೆ ಮಾಡಲು ಆ ವಿವರವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ‘ಚೀಲಗಳನ್ನು ವಾಪಸ್ ಕಳಿಸುತ್ತಿದ್ದೇವೆ’ ಅಂತ ಉಳಿಯಿತು. ಹಾಗೆ ಓದಿದರೂ ನಿಮ್ಮ ಮಾತು ನಿಜವೇ? ನಿಜವಾದರೆ ಕಾಮಾ ಹಾಕಿ. ಸುಳ್ಳಾಗುವುದಾದರೆ ಹಾಕಬೇಡಿ.

ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಓದುವವರಿಗೆ ಇದಕ್ಕಿಂತ ಸಲೀಸಾದ ಉಪಾಯ ಒಂದಿದೆ. ಕಾಮಾ ಇಲ್ಲದಿದ್ದರೆ ವಿವರವನ್ನು ಎತ್ತಿ ವಸ್ತುವಿನ ಮುಂದೆ ಇಡಿ, ಬೇಕಾದರೆ ‘ಮಾತ್ರ’ ಸೇರಿಸಿ: ಒದ್ದೆಯಾದ ಚೀಲಗಳು ಮಾತ್ರ. ಕಾಮಾ ಇದ್ದರೆ ಅದನ್ನು ಬೇರೆ ವಾಕ್ಯವಾಗಿ ಒಡೆದುಬಿಡಿ: ಚೀಲಗಳನ್ನು ವಾಪಸ್ ಕಳಿಸುತ್ತಿದ್ದೇವೆ, ಅವೆಲ್ಲ ಒದ್ದೆಯಾಗಿದ್ದವು. ಬಾಡಿಗೆ ಕರಾರಿನಲ್ಲಿ “ದಿ ಫಿಟಿಂಗ್ಸ್ ವಿಚ್ ಆರ್ ಲಿಸ್ಟೆಡ್ ಇನ್ ದಿ ಶೆಡ್ಯೂಲ್ ಬಿಲಾಂಗ್ ಟು ದಿ ಓನರ್” ಅಂತಿದ್ದರೆ, ಶೆಡ್ಯೂಲಿನಲ್ಲಿ ಬರೆದಿರುವ ಫಿಟಿಂಗ್ಸ್ ಮಾತ್ರ ಮಾಲೀಕರದ್ದು ಅಂತ ಅರ್ಥ. ನೀವು ಹಾಕಿಸಿದ ಫ್ಯಾನು, ರ್‍ಯಾಕು ನಿಮ್ಮದು ಅನ್ನೋದಕ್ಕೆ ಜಾಗ ಇದೆ. ‘ಫಿಟಿಂಗ್ಸ್’ ಆದಮೇಲೆ ಒಂದು ಕಾಮಾ, ‘ಶೆಡ್ಯೂಲ್’ ಆದಮೇಲೆ ಒಂದು ಕಾಮಾ ಬಿತ್ತೋ, ಅಂಗಡಿಯ ಫಿಟಿಂಗ್ಸ್ ಎಲ್ಲಾ ಮಾಲೀಕರದ್ದು, ಅವೆಲ್ಲ ಶೆಡ್ಯೂಲಿನಲ್ಲಿವೆ ಅನ್ನುವ ಅರ್ಥ ಬರುತ್ತದೆ. ಸಹಿ ಹಾಕುವ ಮುಂಚೆ ನೋಡಿಕೊಳ್ಳಿ.

ಕಾಮಾ ಜೋಡಿಯಾಗಿ ಬರಬೇಕು ಅನ್ನೋದು ನೆನಪಿರಲಿ. ಒಂದು ಹಾಕಿ ಇನ್ನೊಂದು ಮರೆತರೆ ಓದುವವರಿಗೆ ಎರಡೂ ಅರ್ಥದ ಅನುಮಾನ. ವಿವರ ವಾಕ್ಯದ ಕೊನೆಯಲ್ಲಿ ಬಂದರೆ ಮಾತ್ರ ಎರಡನೇ ಕಾಮಾದ ಜಾಗದಲ್ಲಿ ಫುಲ್‌ಸ್ಟಾಪ್ ಇರುತ್ತೆ.

‘ದಟ್’ ಮತ್ತು ‘ವಿಚ್’ ಬಗ್ಗೆ ಎರಡು ಮಾತು. ಅಮೆರಿಕದ ಬರವಣಿಗೆಯಲ್ಲಿ ಆರಿಸುವ ವಿವರಕ್ಕೆ ‘ದಟ್’, ಹೆಚ್ಚುವರಿ ವಿವರಕ್ಕೆ ಕಾಮಾ ಹಾಕಿ ‘ವಿಚ್’ ಅಂತ ಹಲವರು ಪಾಲಿಸುತ್ತಾರೆ. ಬ್ರಿಟಿಷ್ ಮತ್ತು ನಮ್ಮ ದೇಶದ ಇಂಗ್ಲಿಷಿನಲ್ಲಿ ಹಾಗಿಲ್ಲ, ಆರಿಸುವುದಕ್ಕೂ ‘ವಿಚ್’ ಧಾರಾಳವಾಗಿ ಬರುತ್ತದೆ. ಹಾಗಾಗಿ ‘ವಿಚ್’ ಕಂಡ ತಕ್ಷಣ ಇದು ಹೆಚ್ಚುವರಿ ಅಂದುಕೊಳ್ಳಬೇಡಿ, ಕಾಮಾ ನೋಡಿ. ಮನುಷ್ಯರಿಗೆ ‘ಹೂ’, ವಸ್ತುವಿಗೆ ‘ವಿಚ್’, ಎರಡಕ್ಕೂ ಆಗುವುದು ‘ದಟ್’. ‘ದಟ್’ ಮೊದಲು ಕಾಮಾ ಹಾಕಿ ಹೆಚ್ಚುವರಿ ವಿವರ ಬರೆಯುವ ರೂಢಿ ಇವತ್ತಿನ ಇಂಗ್ಲಿಷಿನಲ್ಲಿಲ್ಲ.

ಬಿಲ್ಲಿನ ಮೇಲೇ ಅಡಗಿರುವ ಕ್ಲಾಜ್

‘ವಿಚ್’ ಕಣ್ಣಿಗೆ ಬೀಳದ ಕಡೆಯೂ ರಿಲೇಟಿವ್ ಕ್ಲಾಜ್ ಇರುತ್ತದೆ. ಊರಿನ ಎಷ್ಟೋ ಅಂಗಡಿಗಳ ಬಿಲ್ ಬುಕ್ಕಿನಲ್ಲಿ ಕೆಳಗಡೆ ಅಚ್ಚಾಗಿರುತ್ತಲ್ಲ, “ಗೂಡ್ಸ್ ಒನ್ಸ್ ಸೋಲ್ಡ್ ವಿಲ್ ನಾಟ್ ಬಿ ಟೇಕನ್ ಬ್ಯಾಕ್” ಅಂತ. ಪೂರ್ತಿ ಬಿಡಿಸಿದರೆ ‘ಗೂಡ್ಸ್ ವಿಚ್ ಆರ್ ಒನ್ಸ್ ಸೋಲ್ಡ್’. ‘ವಿಚ್ ಆರ್’ ಬಿಟ್ಟುಹೋಗಿದೆ ಅಷ್ಟೇ. ಟೆಂಡರಿನಲ್ಲಿ ‘ಶಾಪ್ಸ್ ಲೊಕೇಟೆಡ್ ಇನ್’, ಸಾಲದ ಪತ್ರದಲ್ಲಿ ‘ಅಮೌಂಟ್ ಡ್ಯೂ’, ಆರ್ಡರಿನಲ್ಲಿ ‘ದಿ ಗೂಡ್ಸ್ ಯೂ ಆರ್ಡರ್ಡ್’, ಇವೆಲ್ಲ ಇದೇ ಜಾತಿ. ‘ಸೋಲ್ಡ್’ ಅಂದರೆ ಇಲ್ಲಿ ‘ಮಾರಿದರು’ ಅಲ್ಲ, ‘ಮಾರಿದ’. ಇದು ತಿಳಿಯದೆ ವಾಕ್ಯದಲ್ಲಿ ಎರಡು ಕ್ರಿಯಾಪದ ಯಾಕಿದೆ ಅಂತ ತಲೆಕೆಡಿಸಿಕೊಳ್ಳುವವರು ಬಹಳ.

ಆ ಬಿಲ್ಲಿನ ಸಾಲಿನ ಬಗ್ಗೆಯೇ ಒಂದು ಮಾತು, ವ್ಯಾಕರಣ ಬಿಟ್ಟು. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತಗೊಂಡು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ‘ಒನ್ಸ್ ಸೋಲ್ಡ್’ ಅಂತ ಅಚ್ಚು ಹಾಕಿಸಿದ ಮಾತ್ರಕ್ಕೆ ಅಂಗಡಿಯವರು ಪಾರಾಗುವುದಿಲ್ಲ.

‘ವಿಚ್’ ಯಾವುದಕ್ಕೆ ಅಂಟಿದೆ ಅನ್ನೋದು ಇನ್ನೊಂದು ಪ್ರಶ್ನೆ. ಸಾಮಾನ್ಯವಾಗಿ ಅದರ ಹಿಂದಿರುವ ಹತ್ತಿರದ ಪದಕ್ಕೆ. “ದಿ ಕೀ ಆಫ್ ದಿ ಗೋಡೌನ್ ವಿಚ್ ಇಸ್ ವಿತ್ ದಿ ಓನರ್” ಅಂದರೆ ಮಾಲೀಕರ ಹತ್ತಿರ ಇರೋದು ಬೀಗದ ಕೈಯೋ, ಗೋಡೌನೋ? ಹತ್ತಿರದ್ದು ಗೋಡೌನು, ಆದರೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಬೀಗದ ಕೈ. ಇಂಥ ಕಡೆ ವಾಕ್ಯ ಒಡೆಯೋದೇ ವಾಸಿ. ಇನ್ನು ಕಾಮಾ ಹಾಕಿ ಬರುವ ‘ವಿಚ್’ ಕೆಲವು ಸಲ ಯಾವ ಒಂದು ಪದಕ್ಕೂ ಅಂಟದೆ ಇಡೀ ಮಾತಿಗೇ ಅಂಟುತ್ತದೆ. “ದಿ ಲಾರಿ ಕೇಮ್ ಲೇಟ್, ವಿಚ್ ಸ್ಪಾಯಿಲ್ಡ್ ದಿ ಟೊಮ್ಯಾಟೋಸ್.” ಟೊಮ್ಯಾಟೊ ಕೆಡಿಸಿದ್ದು ಲಾರಿಯಲ್ಲ, ಲಾರಿ ತಡವಾಗಿದ್ದು. ಕನ್ನಡದಲ್ಲಿ ‘ಅದರಿಂದ’ ಅನ್ನುತ್ತೇವಲ್ಲ, ಹಾಗೆ.

ಈಗ ಒಂದು ನಿಜವಾದ ವಾಕ್ಯ ಬಿಡಿಸೋಣ. 2009ರ ಲೀಗಲ್ ಮೆಟ್ರಾಲಜಿ ಕಾಯ್ದೆಯಲ್ಲಿ, ಅಂದರೆ ತೂಕ-ಅಳತೆ ಕಾಯ್ದೆಯಲ್ಲಿ, ‘ಪ್ರೀ-ಪ್ಯಾಕೇಜ್ಡ್ ಕಮಾಡಿಟಿ’ ಅಂದರೇನು ಅಂತ ಹೇಳಿದ್ದಾರೆ. 2022ರ ಜುಲೈ 18ರಿಂದ ಅಕ್ಕಿ, ಬೇಳೆ, ಹಿಟ್ಟಿನ ಮೇಲಿನ ಜಿಎಸ್‌ಟಿಯಲ್ಲಿ ‘ಪ್ರೀ-ಪ್ಯಾಕೇಜ್ಡ್ ಅಂಡ್ ಲೇಬಲ್ಡ್’ ಅನ್ನುವ ಮಾತು ಬಂದಾಗಿನಿಂದ ಈ ವ್ಯಾಖ್ಯೆ ಕಿರಾಣಿ ಅಂಗಡಿಯವರಿಗೂ ಬೇಕಾದ್ದಾಗಿದೆ, ಯಾಕೆಂದರೆ ತೆರಿಗೆಯವರೂ ಇದೇ ವ್ಯಾಖ್ಯೆಯನ್ನು ಹಿಡಿದಿದ್ದಾರೆ. ವಾಕ್ಯ ಹೀಗೆ ಶುರುವಾಗುತ್ತದೆ: “ಎ ಕಮಾಡಿಟಿ ವಿಚ್ ವಿದೌಟ್ ದಿ ಪರ್ಚೇಸರ್ ಬೀಯಿಂಗ್ ಪ್ರೆಸೆಂಟ್ ಇಸ್ ಪ್ಲೇಸ್ಡ್ ಇನ್ ಎ ಪ್ಯಾಕೇಜ್ ಆಫ್ ವಾಟ್‌ಎವರ್ ನೇಚರ್, ವೆದರ್ ಸೀಲ್ಡ್ ಆರ್ ನಾಟ್”. ಮುಂದೆ, ಒಳಗಿರುವ ಪದಾರ್ಥ ಮೊದಲೇ ಗೊತ್ತು ಮಾಡಿದ ಪ್ರಮಾಣದಲ್ಲಿರಬೇಕು ಅಂತ ಬರುತ್ತದೆ.

‘ವಿಚ್’ ಮೊದಲು ಕಾಮಾ ಇಲ್ಲ. ಅಂದರೆ ಆರಿಸುವ ವಿವರ: ಎಲ್ಲಾ ಸರಕೂ ಅಲ್ಲ, ಇಂಥ ಸರಕು ಮಾತ್ರ. ‘ವಿಚ್’ ಆದಮೇಲೆ ಅದರ ಕ್ರಿಯಾಪದ ಎಲ್ಲಿ? ‘ಇಸ್ ಪ್ಲೇಸ್ಡ್’. ನಡುವಿನ ‘ವಿದೌಟ್ ದಿ ಪರ್ಚೇಸರ್ ಬೀಯಿಂಗ್ ಪ್ರೆಸೆಂಟ್’ ಒಂದು ತುರುಕಿದ ಮಾತು. ಕನ್ನಡಕ್ಕೆ ತಿರುಗಿಸಿ ವಿವರವನ್ನು ಮುಂದೆ ತಂದರೆ, ಕೊಳ್ಳುವವರು ಎದುರಿಗೆ ಇಲ್ಲದಾಗ, ಗೊತ್ತು ಮಾಡಿದ ಪ್ರಮಾಣದಲ್ಲಿ, ಯಾವುದೇ ಥರದ ಪೊಟ್ಟಣಕ್ಕೆ ತುಂಬಿಟ್ಟ ಸರಕು. ‘ಸೀಲ್ ಮಾಡಿದ್ದರೂ ಸರಿ, ಇಲ್ಲದಿದ್ದರೂ ಸರಿ’ ಅನ್ನೋದು ಕಾಮಾ ಆಚೆ ಇರುವ ಹೆಚ್ಚುವರಿ ಮಾತು. ನಮ್ಮ ಅಂಗಡಿಗಳಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸಕ್ಕರೆ, ತೊಗರಿಬೇಳೆಯನ್ನು ಅರ್ಧ ಕೆಜಿ, ಒಂದು ಕೆಜಿ ತೂಗಿ ಕವರಿಗೆ ಹಾಕಿ ದಾರ ಕಟ್ಟಿ ಸಾಲಾಗಿ ಇಡುತ್ತಾರಲ್ಲ. ಕಂಪನಿ ಪ್ಯಾಕೆಟ್ ಅಲ್ಲ, ಸೀಲ್ ಇಲ್ಲ, ಹಾಗಾಗಿ ಇದು ಲೂಸ್ ಮಾಲೇ ಅಂತ ಅನೇಕರ ಲೆಕ್ಕ. ವಾಕ್ಯ ಓದಿ ನೋಡಿ, ಹಾಗೆ ಹೇಳಲ್ಲ. ಗಿರಾಕಿ ಎದುರಿಗೆ ಚೀಲದಿಂದ ತೂಗಿ ಕೊಟ್ಟರೆ ಅದು ಲೂಸ್. ತೆರಿಗೆ ಬರುತ್ತೋ ಇಲ್ಲವೋ ಅನ್ನೋದಕ್ಕೆ ಲೇಬಲ್ಲು, ತೂಕ ಇತ್ಯಾದಿ ಬೇರೆ ಷರತ್ತುಗಳೂ ಇವೆ, ಅದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿ. ಆದರೆ ವ್ಯಾಖ್ಯೆಯ ಬಾಗಿಲು ಎಲ್ಲಿದೆ ಅಂತ ಹೇಳೋದು ಆ ‘ವಿಚ್’.

ಪಟ್ಟಿಯಲ್ಲಿ ಎಷ್ಟು ಐಟಂ?

ಕನ್ನಡದಲ್ಲಿ ಪಟ್ಟಿ ಮಾಡುವಾಗ ನಮಗೆ ಕಾಮಾ ಅಷ್ಟು ಮುಖ್ಯ ಅಲ್ಲ. ‘ಅಕ್ಕಿಯೂ ಬೇಳೆಯೂ ಎಣ್ಣೆಯೂ ಬಂತು’ ಅಂದರೆ ಪ್ರತಿ ಪದದ ಬಾಲದಲ್ಲೇ ಲೆಕ್ಕ ಇದೆ, ಮೂರು ಐಟಂ. ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ. ಎಲ್ಲಿ ಒಂದು ಮುಗಿದು ಇನ್ನೊಂದು ಶುರು ಅಂತ ಹೇಳುವ ಕೆಲಸ ಕಾಮಾ ಮತ್ತು ‘ಅಂಡ್’, ‘ಆರ್’ ಮೇಲೆ ಬಿದ್ದಿದೆ. ಹಾಗಾಗಿ ಅಲ್ಲಿ ಕಾಮಾ ಎಣಿಸಬೇಕು.

ಎಣಿಸಿ ತೀರ್ಪು ಕೊಟ್ಟ ಪ್ರಕರಣ ನಮ್ಮ ಸುಪ್ರೀಂ ಕೋರ್ಟಿನಲ್ಲೇ ಇದೆ. 1979ರ ಕಾನೂನು ವರದಿಗಳಲ್ಲಿ ಮೊಹಮ್ಮದ್ ಶಬ್ಬೀರ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣ ಅಂತ ಸಿಗುತ್ತದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 27ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಯಾರಿಗೆ ಅಂತ ಹೇಳುವಾಗ ಆಗ ಹೀಗೆ ಪಟ್ಟಿ ಇತ್ತು: “ಮ್ಯಾನುಫ್ಯಾಕ್ಚರ್ಸ್ ಫಾರ್ ಸೇಲ್, ಸೆಲ್ಸ್, ಸ್ಟಾಕ್ಸ್ ಆರ್ ಎಕ್ಸಿಬಿಟ್ಸ್ ಫಾರ್ ಸೇಲ್ ಆರ್ ಡಿಸ್ಟ್ರಿಬ್ಯೂಟ್ಸ್”. ಪ್ರಶ್ನೆ ಇಷ್ಟು. ಔಷಧ ಸುಮ್ಮನೆ ಹತ್ತಿರ ಇಟ್ಟುಕೊಂಡಿದ್ದರೆ ಅಪರಾಧವೇ, ಮಾರುವುದಕ್ಕೆ ಅಂತ ಇಟ್ಟುಕೊಂಡಿದ್ದರೆ ಮಾತ್ರ ಅಪರಾಧವೇ?

ಕೋರ್ಟು ಕಾಮಾ ನೋಡಿತು. ‘ಮ್ಯಾನುಫ್ಯಾಕ್ಚರ್ಸ್ ಫಾರ್ ಸೇಲ್’ ಆದಮೇಲೆ ಕಾಮಾ ಇದೆ, ‘ಸೆಲ್ಸ್’ ಆದಮೇಲೆ ಕಾಮಾ ಇದೆ, ‘ಸ್ಟಾಕ್ಸ್’ ಆದಮೇಲೆ ಇಲ್ಲ. ಹಾಗಾಗಿ ‘ಸ್ಟಾಕ್ಸ್ ಆರ್ ಎಕ್ಸಿಬಿಟ್ಸ್ ಫಾರ್ ಸೇಲ್’ ಅನ್ನೋದು ಒಡೆಯಲಾಗದ ಒಂದೇ ತುಂಡು, ‘ಫಾರ್ ಸೇಲ್’ ಎರಡಕ್ಕೂ ಸೇರುತ್ತದೆ, ಮಾರಾಟಕ್ಕಾಗಿ ದಾಸ್ತಾನು ಇಟ್ಟರೆ ಮಾತ್ರ ಈ ಸೆಕ್ಷನ್ ಅಂತ ಹೇಳಿತು. ಆರೋಪಿ ಕೆಳಗಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿದ್ದರೂ, ಬರೀ ಹತ್ತಿರ ಇಟ್ಟುಕೊಂಡದ್ದು ಈ ಕಾಯ್ದೆಯಲ್ಲಿ ಅಪರಾಧವೇ ಅಲ್ಲದ ಮೇಲೆ ಶಿಕ್ಷೆ ನಿಲ್ಲುವುದಿಲ್ಲ ಅಂತಾಯಿತು. ಇಲ್ಲದ ಒಂದು ಕಾಮಾ ಒಬ್ಬ ಮನುಷ್ಯನನ್ನು ಬಿಡಿಸಿದ್ದು ಹೀಗೆ.

ಕಾಮಾ ಒಂದಿದ್ದರೆ ಕೇಸು ಗೆದ್ದಂತೆ ಅಂತ ಯಾರೂ ಅಂದುಕೊಳ್ಳಬೇಡಿ. ಕಾಯ್ದೆಯ ಅರ್ಥ ಹುಡುಕುವಾಗ ವಿರಾಮಚಿಹ್ನೆ ಒಂದು ಸಣ್ಣ ಅಂಶ ಮಾತ್ರ ಅಂತ ಅದೇ ಸುಪ್ರೀಂ ಕೋರ್ಟಿನಲ್ಲಿ 1952ರಲ್ಲೇ, ಅಶ್ವಿನಿ ಕುಮಾರ್ ಘೋಷ್ ಪ್ರಕರಣದಲ್ಲಿ, ಹೇಳಿದ್ದುಂಟು. ಕಾಯ್ದೆಯ ಉದ್ದೇಶ ಏನು, ಉಳಿದ ಸೆಕ್ಷನ್ ಏನು ಹೇಳುತ್ತೆ ಅಂತೆಲ್ಲ ನೋಡುತ್ತಾರೆ. ಆದರೆ ಅದೆಲ್ಲ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲಿನ ಮಾತು. ಮೆಟ್ಟಿಲು ಹತ್ತದಂತೆ ಬರೆಯುವುದು ನಮ್ಮ ಕೈಲಿದೆ. ಅಂದಹಾಗೆ, ಕನ್ನಡದಲ್ಲಿ ಮಾಡಿದ ಕಾಯ್ದೆಗೂ ರಾಜ್ಯಪಾಲರ ಅಧಿಕಾರದಲ್ಲಿ ಗೆಜೆಟ್ಟಿನಲ್ಲಿ ಬಂದ ಇಂಗ್ಲಿಷ್ ಅನುವಾದವನ್ನೇ ಅಧಿಕೃತ ಪಾಠ ಅಂತ ಪರಿಗಣಿಸಬೇಕೆಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ. ಇಂಗ್ಲಿಷಿನ ಕಾಮಾ ನಮಗೇಕೆ ಅನ್ನುವವರಿಗೆ ಇದೇ ಉತ್ತರ.

ಇದೇ ಥರದ ಜಗಳ ಅಮೆರಿಕದ ಮೇನ್ ರಾಜ್ಯದಲ್ಲಿ ಹಾಲಿನ ಲಾರಿ ಡ್ರೈವರ್‌ಗಳಿಗೂ ಡೈರಿಗೂ ನಡೆಯಿತು. ಡೈರಿಯ ಹೆಸರು ಓಕ್‌ಹರ್ಸ್ಟ್. ವಾರಕ್ಕೆ 40 ಗಂಟೆಗಿಂತ ಹೆಚ್ಚು ದುಡಿದರೆ ಒಂದೂವರೆ ಪಟ್ಟು ಓವರ್‌ಟೈಮ್ ಕೊಡಬೇಕು ಅಂತ ಅಲ್ಲಿನ ಕಾನೂನು. ಬೇಗ ಕೆಡುವ ಆಹಾರದ ಕೆಲವು ಕೆಲಸಗಳಿಗೆ ಮಾತ್ರ ವಿನಾಯಿತಿ. ವಿನಾಯಿತಿಯ ಪಟ್ಟಿ ಕ್ಯಾನಿಂಗ್, ಪ್ರೊಸೆಸಿಂಗ್ ಅಂತ ಶುರುವಾಗಿ ಹೀಗೆ ಮುಗಿಯುತ್ತಿತ್ತು: “ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್”. ಡ್ರೈವರ್‌ಗಳು ಮಾಡುತ್ತಿದ್ದದ್ದು ಡಿಸ್ಟ್ರಿಬ್ಯೂಷನ್, ಪ್ಯಾಕಿಂಗ್ ಅಲ್ಲ. ‘ಶಿಪ್‌ಮೆಂಟ್’ ಆದಮೇಲೆ ಕಾಮಾ ಇಲ್ಲ, ಹಾಗಾಗಿ ಕೊನೆಯದು ‘ಶಿಪ್‌ಮೆಂಟಿಗಾಗಲಿ ಡಿಸ್ಟ್ರಿಬ್ಯೂಷನ್ನಿಗಾಗಲಿ ಪ್ಯಾಕ್ ಮಾಡುವುದು’ ಅನ್ನುವ ಒಂದೇ ಕೆಲಸ, ವಿನಾಯಿತಿ ನಮಗೆ ಅನ್ವಯಿಸಲ್ಲ, ಓವರ್‌ಟೈಮ್ ಕೊಡಿ ಅಂದರು. ಪಟ್ಟಿಯ ಕೆಲಸಗಳೆಲ್ಲ ‘ಇಂಗ್’ನಲ್ಲಿ ಮುಗಿಯುತ್ತವೆ, ‘ಡಿಸ್ಟ್ರಿಬ್ಯೂಷನ್’ ಮಾತ್ರ ಹಾಗಿಲ್ಲ, ಅದು ‘ಶಿಪ್‌ಮೆಂಟ್’ಗೆ ಜೊತೆ ಅನ್ನುವ ಪಾಯಿಂಟನ್ನೂ ಎತ್ತಿದರು. ಕೊನೆಯ ಐಟಂ ಮೊದಲು ಕಾಮಾ ಹಾಕಬೇಡಿ ಅಂತ ಆ ರಾಜ್ಯದ ಕಾನೂನು ಬರೆಯುವವರ ಕೈಪಿಡಿಯೇ ಹೇಳುತ್ತೆ ಅಂತ ಡೈರಿಯ ವಾದ.

2017ರ ಮಾರ್ಚ್‌ನಲ್ಲಿ ಅಪೀಲು ಕೋರ್ಟು ಡ್ರೈವರ್‌ಗಳ ಕಡೆ ನಿಂತಿತು. ಸಾಲು ಎರಡರ್ಥಕ್ಕೆ ಎಡೆ ಕೊಡುತ್ತದೆ, ಎರಡರ್ಥ ಇದ್ದಾಗ ಕಾರ್ಮಿಕರಿಗೆ ಅನುಕೂಲವಾಗುವಂತೆ ಓದಬೇಕು ಅಂತ. 2018ರಲ್ಲಿ ಡೈರಿ 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಮೇನ್ ರಾಜ್ಯ ಆಮೇಲೆ ಕಾನೂನು ತಿದ್ದಿ ಪ್ರತಿ ಕೆಲಸದ ನಡುವೆ ಸೆಮಿಕೋಲನ್ ಹಾಕಿತು, ‘ಡಿಸ್ಟ್ರಿಬ್ಯೂಷನ್’ ಹೋಗಿ ‘ಡಿಸ್ಟ್ರಿಬ್ಯೂಟಿಂಗ್’ ಆಯಿತು.

ಕೊನೆಯ ‘ಅಂಡ್’ ಮೊದಲು ಕಾಮಾ

ಈ ಕೊನೆಯ ಕಾಮಾಕ್ಕೆ ಆಕ್ಸ್‌ಫರ್ಡ್ ಕಾಮಾ ಅಂತ ಹೆಸರು. ನಮ್ಮ ಶಾಲೆಗಳಲ್ಲಿ ‘ಅಂಡ್’ ಮೊದಲು ಕಾಮಾ ಹಾಕಬಾರದು ಅಂತ ಮೇಷ್ಟ್ರು ಹೇಳಿಕೊಟ್ಟದ್ದು, ಇಲ್ಲಿನ ಇಂಗ್ಲಿಷ್ ಪತ್ರಿಕೆಗಳೂ ಹೆಚ್ಚಾಗಿ ಬಿಡುತ್ತವೆ. ಅಮೆರಿಕದ ಪುಸ್ತಕಗಳಲ್ಲಿ ಹಾಕುತ್ತಾರೆ. ಯಾವುದೂ ತಪ್ಪಲ್ಲ. ‘ರೈಸ್, ದಾಲ್ ಅಂಡ್ ಆಯಿಲ್’ ಅಂತ ಬರೆದರೆ ಯಾರಿಗೂ ಗೊಂದಲ ಇಲ್ಲ. ಗೊಂದಲ ಬರೋದು ಹಣದ ವಾಕ್ಯದಲ್ಲಿ.

“ದಿ ಪ್ರಾಫಿಟ್ ಶಲ್ ಬಿ ಡಿವೈಡೆಡ್ ಈಕ್ವಲಿ ಅಮಾಂಗ್ ಮೈ ಪಾರ್ಟ್‌ನರ್ಸ್, ಮೈ ಬ್ರದರ್ ಅಂಡ್ ಮೈ ಸನ್-ಇನ್-ಲಾ.” ಇದನ್ನು ಎರಡು ಥರ ಓದಬಹುದು. ಪಾರ್ಟ್‌ನರ್‌ಗಳು, ಜೊತೆಗೆ ತಮ್ಮ, ಜೊತೆಗೆ ಅಳಿಯ ಅಂತ ಒಂದು. ಪಾರ್ಟ್‌ನರ್‌ಗಳು ಅಂದರೆ ಯಾರಪ್ಪಾ, ತಮ್ಮ ಮತ್ತು ಅಳಿಯ ಅಂತ ಇನ್ನೊಂದು. ಲಾಭ ಎರಡೇ ಪಾಲಾಗಬೇಕಾ, ನಾಲ್ಕೈದು ಪಾಲಾಗಬೇಕಾ? ‘ಬ್ರದರ್’ ಆದಮೇಲೆ ಕಾಮಾ ಇದ್ದಿದ್ದರೆ ಮೊದಲನೇ ಅರ್ಥ ಗಟ್ಟಿಯಾಗುತ್ತಿತ್ತು. ಆದರೆ ಆ ಕಾಮಾ ಎಲ್ಲಾ ಕಡೆ ಕಾಪಾಡಲ್ಲ. ‘ಪಾರ್ಟ್‌ನರ್ಸ್’ ಬದಲು ‘ಪಾರ್ಟ್‌ನರ್’ ಅಂತ ಒಬ್ಬರೇ ಇದ್ದು, “ಮೈ ಪಾರ್ಟ್‌ನರ್, ಮೈ ಬ್ರದರ್, ಅಂಡ್ ಮೈ ಸನ್-ಇನ್-ಲಾ” ಅಂತ ಬರೆದರೆ, ತಮ್ಮನೇ ಪಾರ್ಟ್‌ನರ್ ಅಂತಲೂ ಓದಬಹುದು. ಆಗ ಎರಡು ಪಾಲೋ ಮೂರು ಪಾಲೋ ಮತ್ತೆ ಅನುಮಾನ. ನನ್ನ ಕೇಳಿದರೆ ಇಂಥ ಕಡೆ ಕಾಮಾ ನಂಬುವುದೇ ಬೇಡ. 1, 2, 3 ಅಂತ ನಂಬರ್ ಹಾಕಿ ಒಂದರ ಕೆಳಗೆ ಒಂದು, ಹೆಸರು ಸಮೇತ, ಪಾಲು ಸಮೇತ ಬರೆಸಿ. ಒಂದು ಪುಟ ಹೆಚ್ಚಾದರೆ ಏನೂ ನಷ್ಟವಿಲ್ಲ.

ಪಟ್ಟಿಯ ಕೊನೆಯಲ್ಲಿ ‘ವಿಚ್’ ಬಂದಾಗ ಮೇಲೆ ಹೇಳಿದ ಎರಡು ತೊಡಕೂ ಒಟ್ಟಿಗೆ ಬರುತ್ತವೆ. “ವಿ ವಿಲ್ ರಿಪ್ಲೇಸ್ ಮಿಕ್ಸರ್ಸ್, ಫ್ಯಾನ್ಸ್ ಅಂಡ್ ಸ್ಟವ್ಸ್ ವಿಚ್ ಆರ್ ಅಂಡರ್ ವಾರಂಟಿ.” ವಾರಂಟಿ ಷರತ್ತು ಸ್ಟವ್‌ಗೆ ಮಾತ್ರವೋ, ಮೂರಕ್ಕೂನೋ? ಅಂಗಡಿಯವರು ಮೂರಕ್ಕೂ ಅಂತಾರೆ. ಹಳೇ ಮಿಕ್ಸರ್ ತಂದ ಗಿರಾಕಿ ಸ್ಟವ್‌ಗೆ ಮಾತ್ರ ಅಂತಾರೆ. ಷರತ್ತನ್ನು ಮುಂದಕ್ಕೆ ತಂದರೆ ಜಗಳ ಇಲ್ಲ: “ವಿ ವಿಲ್ ರಿಪ್ಲೇಸ್ ದಿ ಫಾಲೋಯಿಂಗ್ ಐಟಮ್ಸ್ ಇಫ್ ದೇ ಆರ್ ಅಂಡರ್ ವಾರಂಟಿ:” ಅಂತ ಹೇಳಿ ಕೋಲನ್ ಹಾಕಿ ಪಟ್ಟಿ ಕೊಡಿ.

ಒಂದು ಐಟಮ್ಮಿನೊಳಗೇ ಕಾಮಾ ಇದ್ದರೆ ಐಟಂಗಳ ನಡುವೆ ಸೆಮಿಕೋಲನ್ ಹಾಕುವುದು ಇಂಗ್ಲಿಷಿನ ಪದ್ಧತಿ. ಮಾಲು ಕಳಿಸುವ ಊರುಗಳ ಪಟ್ಟಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ: “ಹಿಂದೂಪುರ, ಆಂಧ್ರಪ್ರದೇಶ; ಹೊಸೂರು, ತಮಿಳುನಾಡು; ಸೊಲ್ಲಾಪುರ, ಮಹಾರಾಷ್ಟ್ರ.” ಮೂರು ಜಾಗ ಅಂತ ತಕ್ಷಣ ಗೊತ್ತಾಗುತ್ತೆ. ಎಲ್ಲ ಕಡೆ ಕಾಮಾ ಹಾಕಿದ್ದರೆ ಆರು. ಬಟ್ಟೆ ಅಂಗಡಿಯವರ ಆರ್ಡರಿನಲ್ಲಿ ‘ಶರ್ಟ್ ಅಂಡ್ ಪ್ಯಾಂಟ್ ಸೆಟ್ಸ್’ ಅಂತ ಜೋಡಿ ಐಟಂ ಬಂದಾಗಲೂ ಜೋಕೆ. ಆಗ ಪಟ್ಟಿಯ ಕೊನೆಯ ‘ಅಂಡ್’ ಮೊದಲು ಕಾಮಾ ಹಾಕಲೇಬೇಕು, ಇಲ್ಲದಿದ್ದರೆ ಯಾವ ‘ಅಂಡ್’ ಜೋಡಿಯದ್ದು, ಯಾವುದು ಪಟ್ಟಿಯದ್ದು ಗೊತ್ತಾಗಲ್ಲ. ಇನ್ನು ‘ಸಚ್ ಆಸ್’ ಅಂತ ಶುರು ಮಾಡಿ ಕೊನೆಗೆ ‘ಎಟ್‌ಸೆಟ್ರಾ’ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಎರಡರಲ್ಲಿ ಒಂದು ಸಾಕು. ಕರಾರಿನಲ್ಲಂತೂ ‘ಎಟ್‌ಸೆಟ್ರಾ’ ಬೇಡವೇ ಬೇಡ, ಅದರೊಳಗೆ ಯಾರು ಏನು ಬೇಕಾದರೂ ತುಂಬಬಹುದು.

ಒದ್ದೆ ಸಕ್ಕರೆಯ ಇಮೇಲ್ ಹಾಗೇ ಉಳಿಯಿತು. ಹುಡುಗನಿಗೆ ‘ವಿಚ್’ ಬಿಟ್ಟು ಮೂರು ಸಣ್ಣ ವಾಕ್ಯದಲ್ಲಿ, ಲೆಕ್ಕ ಸಮೇತ ಬರೆಯಲು ಹೇಳಿ: “ಸಿಕ್ಸ್ ಬ್ಯಾಗ್ಸ್ ವರ್ ವೆಟ್. ವಿ ಆರ್ ರಿಟರ್ನಿಂಗ್ ದೋಸ್ ಸಿಕ್ಸ್. ವಿ ಆರ್ ಕೀಪಿಂಗ್ ದಿ ಅದರ್ ಥರ್ಟಿ-ಫೋರ್.” ಜೊತೆಗೆ ಒದ್ದೆ ಚೀಲದ ಫೋಟೋ ಒಂದು ಇರಲಿ.